ಲ್ಯಾಪ್‌ಟಾಪಿಗೆ ಮೂರು ಮಾನಿಟರ್: ಪೋರ್ಟಿನ ಹಿಂದೆ ಯಾವ ಚಿಪ್ ಇದೆ ಅನ್ನುವುದೇ ಮುಖ್ಯ

ಪ್ರಶ್ನೆ: ನನ್ನದು ಎನ್‌ವಿಡಿಯಾದ ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಚಿಪ್ ಇರುವ 15.6 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್. ಒಂದು ಎಚ್‌ಡಿಎಂಐ, ಒಂದು ಟೈಪ್-ಸಿ ಪೋರ್ಟ್ ಇದೆ. 24 ಇಂಚಿನ 1080ಪಿ 144 ಹರ್ಟ್ಸ್ ಮಾನಿಟರ್ ಎರಡು ಇವೆ. ಇನ್ನೊಂದು ಕೊಂಡು ಮೂರರಲ್ಲೂ ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡಬೇಕೆಂದಿದ್ದೇನೆ. ಸದ್ಯ ಒಂದು ಮಾನಿಟರ್ ಎಚ್‌ಡಿಎಂಐಯಲ್ಲಿದೆ, ಇನ್ನೊಂದನ್ನು ಯುಎಸ್‌ಬಿ-ಎಚ್‌ಡಿಎಂಐ ಅಡಾಪ್ಟರಿಗೆ ಹಾಕಿದ್ದೇನೆ. ಅಡಾಪ್ಟರಿನ ಪರದೆಯಲ್ಲಿ ಗೇಮ್ ತಡವರಿಸುತ್ತದೆ, 60 ಹರ್ಟ್ಸ್ ದಾಟುವುದೇ ಇಲ್ಲ. ಹಲವು ಪರದೆಗಳನ್ನು ಸೇರಿಸಿ ಒಂದೇ ಅಗಲದ ಪರದೆ ಮಾಡುವ ಎನ್‌ವಿಡಿಯಾ ಸರೌಂಡ್ ಆಯ್ಕೆಯೂ ಕಾಣುತ್ತಿಲ್ಲ. ಏನು ಕೊಳ್ಳಬೇಕು, ಹೇಗೆ ಜೋಡಿಸಬೇಕು?

ಉತ್ತರ: ಮೂರನೇ ಮಾನಿಟರಿಗೆ ದುಡ್ಡು ಹಾಕುವ ಮೊದಲು ಆ ಅಡಾಪ್ಟರನ್ನು ಬಿಚ್ಚಿ ಪಕ್ಕಕ್ಕಿಡಿ. ನೀವು ಹೇಳಿದ ಮೂರೂ ತೊಂದರೆಗಳಿಗೆ ಮೂಲ ಅದೇ. ಮಾಮೂಲಿ ಯುಎಸ್‌ಬಿ ಪೋರ್ಟಿಗೆ ಚುಚ್ಚಿ, ಡ್ರೈವರ್ ಇನ್‌ಸ್ಟಾಲ್ ಮಾಡಿಸಿಕೊಳ್ಳುವ ಈ ಜಾತಿಯ ಅಡಾಪ್ಟರುಗಳಲ್ಲಿ ಡಿಸ್‌ಪ್ಲೇಲಿಂಕ್ ಚಿಪ್ ಹೆಸರಾದದ್ದು. ಇವುಗಳಿಗೆ ಗ್ರಾಫಿಕ್ಸ್ ಚಿಪ್ಪಿನಿಂದ, ಅಂದರೆ ಜಿಪಿಯುನಿಂದ, ನೇರ ಸಿಗ್ನಲ್ ಬರುವುದಿಲ್ಲ. ಜಿಪಿಯು ಬರೆದ ಪ್ರತಿಯೊಂದು ಚಿತ್ರವನ್ನು ಪ್ರೊಸೆಸರ್ ಎತ್ತಿಕೊಂಡು, ಕುಗ್ಗಿಸಿ, ಪೆನ್‌ಡ್ರೈವಿಗೆ ಫೈಲ್ ಕಳಿಸಿದ ಹಾಗೆ ಯುಎಸ್‌ಬಿ ಮೂಲಕ ಕಳಿಸುತ್ತದೆ, ಅಡಾಪ್ಟರಿನೊಳಗಿನ ಚಿಪ್ ಅದನ್ನು ಬಿಡಿಸಿ ಪರದೆಗೆ ಕೊಡುತ್ತದೆ. ಗೇಮ್ ಓಡುತ್ತಿರುವಾಗ ಪ್ರೊಸೆಸರಿಗೆ ಮೊದಲೇ ಕೈತುಂಬ ಕೆಲಸ. ಮೇಲೆ ಇದೂ ಸೇರಿದರೆ ತಡವರಿಸದೆ ಇನ್ನೇನಾಗುತ್ತದೆ? ಎನ್‌ವಿಡಿಯಾ ಚಿಪ್ ಆ ಪರದೆಯನ್ನು ತನ್ನದೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಸರೌಂಡ್‌ಗೂ ಅದು ಸಿಗುವುದಿಲ್ಲ. ಎಕ್ಸೆಲ್, ಬ್ರೌಸರ್, ಆಫೀಸಿನ ಕೆಲಸಕ್ಕೆ ಈ ಅಡಾಪ್ಟರ್ ಒಳ್ಳೆಯದೇ. ಗೇಮಿಗೆ ಆಗದು.

ಈಗ ನಿಜವಾದ ಪ್ರಶ್ನೆಗೆ ಬರೋಣ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ ಎರಡಿರುತ್ತವೆ: ಪ್ರೊಸೆಸರಿನೊಳಗೇ ಇರುವ ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಒಂದು, ಆರ್‌ಟಿಎಕ್ಸ್ 4050 ಇನ್ನೊಂದು. ಹೊರಗೆ ಕಾಣುವ ಪ್ರತಿ ಪೋರ್ಟಿನ ತಂತಿ ಮದರ್‌ಬೋರ್ಡಿನಲ್ಲಿ ಇವೆರಡರಲ್ಲಿ ಒಂದಕ್ಕೆ ಹೋಗುತ್ತದೆ. ಯಾವುದಕ್ಕೆ ಅನ್ನುವುದು ಮಾಡೆಲಿನಿಂದ ಮಾಡೆಲಿಗೆ ಬೇರೆ, ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಸರೌಂಡ್‌ಗೆ ಬೇಕಾದ ಮೂರೂ ಪರದೆ ಒಂದೇ ಎನ್‌ವಿಡಿಯಾ ಚಿಪ್ಪಿನಿಂದ ಹೊರಡಬೇಕು. ಒಂದು ಇಂಟೆಲ್ ಕಡೆಯಿಂದ ಬಂದರೂ ಕೆಲಸ ಕೆಟ್ಟಿತು.

ಪರೀಕ್ಷಿಸುವುದು ಸುಲಭ. ಎಚ್‌ಡಿಎಂಐಗೆ ಒಂದು ಮಾನಿಟರ್ ಹಾಕಿ, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ. ಮೇಲಿನ ಪಟ್ಟಿಯಿಂದ ಆ ಮಾನಿಟರನ್ನು ಆರಿಸಿದರೆ ಅದು ಯಾವ ಗ್ರಾಫಿಕ್ಸಿಗೆ ಜೋಡಣೆಯಾಗಿದೆ ಎಂದು ಕೆಳಗೆ ಒಂದು ಸಾಲು ಬರುತ್ತದೆ. ಅಲ್ಲಿ ಆರ್‌ಟಿಎಕ್ಸ್ ಹೆಸರಿದ್ದರೆ ಆ ಪೋರ್ಟ್ ಎನ್‌ವಿಡಿಯಾದ್ದು, ಇಂಟೆಲ್ ಯುಎಚ್‌ಡಿ, ಐರಿಸ್ ಅಥವಾ ರೇಡಿಯಾನ್ ಎಂದಿದ್ದರೆ ಒಳಗಿನ ಚಿಪ್ಪಿನದು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ 'ಕಾನ್ಫಿಗರ್ ಸರೌಂಡ್, ಫಿಸ್‌ಎಕ್ಸ್' ಪುಟದಲ್ಲಿ ಇದೇ ವಿಷಯ ಚಿತ್ರ ಸಮೇತ ಸಿಗುತ್ತದೆ: ಯಾವ ಚಿಪ್ಪಿನ ಕೆಳಗೆ ಯಾವ ಪರದೆ ಎಂದು. ಆಮೇಲೆ ಟೈಪ್-ಸಿಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗುವ ಒಂದು ಸಾದಾ ಕೇಬಲ್ ತಂದು ಅದೇ ಮಾನಿಟರನ್ನು ಟೈಪ್-ಸಿಗೆ ಹಾಕಿ ಮತ್ತೆ ನೋಡಿ. ಹೇಗಿದ್ದರೂ ಈ ಕೇಬಲ್ ಮುಂದೆ ಬೇಕಾಗುತ್ತದೆ, ದಂಡವಾಗುವುದಿಲ್ಲ.

ಟೈಪ್-ಸಿಯಲ್ಲಿ ಚಿತ್ರವೇ ಬರದಿದ್ದರೆ ಕೇಬಲನ್ನು ಬೈಯುವ ಮೊದಲು ತಯಾರಕರ ಸ್ಪೆಸಿಫಿಕೇಶನ್ ಪುಟ ಓದಿ. ಎಲ್ಲ ಟೈಪ್-ಸಿ ಪೋರ್ಟುಗಳಿಗೂ ವಿಡಿಯೋ ಕಳಿಸುವ ಶಕ್ತಿ ಇರುವುದಿಲ್ಲ, ಕೆಲವು ಬರೀ ಡೇಟಾಕ್ಕೆ. 'ಡಿಸ್‌ಪ್ಲೇಪೋರ್ಟ್' ಎಂದಿದ್ದರೆ ವಿಡಿಯೋ ಉಂಟು. ಜೊತೆಗೆ 'ಜಿ-ಸಿಂಕ್' (ಪರದೆಯ ವೇಗವನ್ನು ಗೇಮಿನ ಫ್ರೇಮಿಗೆ ಹೊಂದಿಸುವ ಎನ್‌ವಿಡಿಯಾ ಸೌಲಭ್ಯ) ಎಂದೂ ಬರೆದಿದ್ದರೆ ಆ ಪೋರ್ಟ್ ಎನ್‌ವಿಡಿಯಾ ಚಿಪ್ಪಿನದೇ ಎನ್ನಲು ಒಳ್ಳೆಯ ಸುಳಿವು, ಏಕೆಂದರೆ ಒಳಗಿನ ಚಿಪ್ಪಿಗೆ ಜೋಡಿಸಿದ ಪರದೆಯಲ್ಲಿ ಜಿ-ಸಿಂಕ್ ನಡೆಯುವುದಿಲ್ಲ.

ಎರಡೂ ಪೋರ್ಟ್ ಎನ್‌ವಿಡಿಯಾದ್ದೇ ಆಗಿದ್ದರೆ ನಿಮ್ಮ ಆಸೆ ಪೂರ್ತಿ ಈಡೇರುತ್ತದೆ. ಎಚ್‌ಡಿಎಂಐ ಎನ್‌ವಿಡಿಯಾದ್ದು, ಟೈಪ್-ಸಿ ಇಂಟೆಲ್‌ನದು ಎಂದಾದರೆ (ಇದು ತುಂಬ ಕಾಣಸಿಗುವ ಜೋಡಣೆ) ಬಯಾಸ್‌ನಲ್ಲೋ ಕಂಪನಿಯ ಕಂಟ್ರೋಲ್ ಆಪ್‌ನಲ್ಲೋ ಮಕ್ಸ್ ಸ್ವಿಚ್, ಅಂದರೆ ಪರದೆಯನ್ನು ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಬದಲಿಸುವ ಆಯ್ಕೆ, ಇದೆಯೇ ಹುಡುಕಿ. 'ಡಿಸ್ಕ್ರೀಟ್ ಜಿಪಿಯು ಓನ್ಲಿ', 'ಅಲ್ಟಿಮೇಟ್' ಮುಂತಾದ ಹೆಸರಿನಲ್ಲಿರುತ್ತದೆ. ಅದನ್ನು ಹಾಕಿ ರೀಸ್ಟಾರ್ಟ್ ಮಾಡಿದರೆ ಲ್ಯಾಪ್‌ಟಾಪಿನ ಸ್ವಂತ ಪರದೆ ಆರ್‌ಟಿಎಕ್ಸಿಗೆ ವರ್ಗವಾಗುತ್ತದೆ. ಟೈಪ್-ಸಿ ಮಾತ್ರ ಕೆಲವು ಮಾಡೆಲುಗಳಲ್ಲಿ ಜೊತೆಗೇ ಬರುತ್ತದೆ, ಕೆಲವದರಲ್ಲಿ ಅದರ ವಿಡಿಯೋ ನಿಂತೇ ಹೋಗುತ್ತದೆ. ಹಾಕಿ ನೋಡುವುದೊಂದೇ ದಾರಿ. ಬರದಿದ್ದರೆ ಈ ಲ್ಯಾಪ್‌ಟಾಪಿನಲ್ಲಿ ಮೂರು ಪರದೆಯ ಸರೌಂಡ್ ಆಗುವುದಿಲ್ಲ, ಯಾವ ಹಬ್ ತಂದರೂ ಅಷ್ಟೇ. ಆಗ ಏನು ಮಾಡಬೇಕೆಂದು ಕೆಳಗೆ ಬರೆದಿದ್ದೇನೆ.

ಒಳ್ಳೆಯ ಸುದ್ದಿಯ ಕಡೆ ಹೋಗೋಣ. ಪೋರ್ಟ್ ಎರಡು, ಮಾನಿಟರ್ ಮೂರು. ಆರ್‌ಟಿಎಕ್ಸ್ 4050 ಒಟ್ಟು ನಾಲ್ಕು ಪರದೆ ನಡೆಸಬಲ್ಲದು, ಕೊರತೆ ಇರುವುದು ಪೋರ್ಟಿನದು ಮಾತ್ರ. ಟೈಪ್-ಸಿಗೆ ಎಂಎಸ್‌ಟಿ ಹಬ್ ಹಾಕಬೇಕು. ಇದು ಒಂದು ಡಿಸ್‌ಪ್ಲೇಪೋರ್ಟ್ ಸಿಗ್ನಲನ್ನು ಎರಡು ಬೇರೆ ಬೇರೆ ಪರದೆಗಳಾಗಿ ಒಡೆಯುತ್ತದೆ, ಡ್ರೈವರ್ ಬೇಡ, ಪ್ರೊಸೆಸರಿಗೆ ಹೊರೆಯೂ ಇಲ್ಲ. ಕೊಳ್ಳುವಾಗ ಕಣ್ಣಿಡಬೇಕಾದದ್ದು ಬ್ಯಾಂಡ್‌ವಿಡ್ತ್ ಮೇಲೆ.

1080ಪಿ ಪರದೆ 60 ಹರ್ಟ್ಸಿನಲ್ಲಿ ಸೆಕೆಂಡಿಗೆ ಸುಮಾರು 3.3 ಗಿಗಾಬಿಟ್ ಕೇಳುತ್ತದೆ, 120 ಹರ್ಟ್ಸಿನಲ್ಲಿ ಸುಮಾರು 7, 144ರಲ್ಲಿ ಸುಮಾರು 8. ಎರಡಕ್ಕೆ 144 ಹರ್ಟ್ಸ್ ಬೇಕೆಂದರೆ 16. ಟೈಪ್-ಸಿ ಕೇಬಲಿನಲ್ಲಿ ವಿಡಿಯೋಗೆ ಹೆಚ್ಚೆಂದರೆ ನಾಲ್ಕು ಲೇನ್, ಅಂದರೆ ಸಿಗ್ನಲ್ ಹೋಗುವ ದಾರಿ. ಡಿಸ್‌ಪ್ಲೇಪೋರ್ಟ್ 1.2 ವೇಗದಲ್ಲಿ ನಾಲ್ಕೂ ಲೇನ್ ಸೇರಿ 17.28 ಗಿಗಾಬಿಟ್ ಉಪಯೋಗಕ್ಕೆ ಸಿಗುತ್ತದೆ, 1.4 ವೇಗದಲ್ಲಿ 25.92. ಇಲ್ಲೇ ಜನ ಎಡವುವುದು: ಕಾರ್ಡ್ ರೀಡರ್, ಯುಎಸ್‌ಬಿ 3 ಪೋರ್ಟುಗಳು, ನೆಟ್‌ವರ್ಕ್ ಎಲ್ಲ ತುಂಬಿದ 'ಒಂದರಲ್ಲಿ ಹತ್ತು' ಹಬ್ ಕೊಂಡರೆ ಅದು ಸಾಮಾನ್ಯವಾಗಿ ಎರಡು ಲೇನುಗಳನ್ನು ಯುಎಸ್‌ಬಿ ಡೇಟಾಕ್ಕೆ ತೆಗೆದುಕೊಳ್ಳುತ್ತದೆ. ಉಳಿದ ಎರಡು ಲೇನಿನಲ್ಲಿ 1.2 ವೇಗಕ್ಕೆ ಸಿಗುವುದು ಬರೀ 8.64. ಎರಡು ಮಾನಿಟರ್ 60 ಹರ್ಟ್ಸಿಗೆ ನಿಲ್ಲುತ್ತವೆ, ಅಥವಾ ಒಂದು 144ಕ್ಕೆ ಹೋದರೆ ಇನ್ನೊಂದು ಕಪ್ಪಾಗುತ್ತದೆ. ಹಾಗಾಗಿ ವಿಡಿಯೋ ಬಿಟ್ಟು ಬೇರೇನೂ ಮಾಡದ, ಎರಡು ಡಿಸ್‌ಪ್ಲೇಪೋರ್ಟ್ ಹೊರಬಾಯಿ ಇರುವ, ಡಿಸ್‌ಪ್ಲೇಪೋರ್ಟ್ 1.4 ಎಂದು ನಮೂದಾದ ಎಂಎಸ್‌ಟಿ ಹಬ್ ಕೊಳ್ಳಿ. ನೋಡಲು ಸಪ್ಪೆ ಅನಿಸಿದರೂ ನಿಮಗೆ ಬೇಕಾದ್ದು ಅದೇ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಅಂಗಡಿಯಲ್ಲೇ ಕೊಳ್ಳುವವರು ಲ್ಯಾಪ್‌ಟಾಪನ್ನು ಜೊತೆಗೆ ಒಯ್ದು, ಎರಡು ಪರದೆ ಹಾಕಿಸಿ, ಎರಡರಲ್ಲೂ 120 ಹರ್ಟ್ಸ್ ಸಿಗುತ್ತದೆಯೇ ನೋಡಿಯೇ ದುಡ್ಡು ಕೊಡಿ. ಎರಡರಲ್ಲೂ ಒಂದೇ ಚಿತ್ರ ಬಂದು, 'ಎಕ್ಸ್‌ಟೆಂಡ್' ಮಾಡಲಾಗದಿದ್ದರೆ ಅದು ಎಂಎಸ್‌ಟಿ ಅಲ್ಲ, ಬರೀ ಸ್ಪ್ಲಿಟರ್.

ಕೇಬಲ್ ವಿಷಯದಲ್ಲಿ ಒಂದು ಎಚ್ಚರ. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಒಂದೇ ದಿಕ್ಕಿನದು. ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟಿಗೆ ಅದನ್ನು ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ. ಎಚ್‌ಡಿಎಂಐಗೆ ಎಚ್‌ಡಿಎಂಐ, ಹಬ್ಬಿನಿಂದ ಡಿಸ್‌ಪ್ಲೇಪೋರ್ಟಿಗೆ ಡಿಸ್‌ಪ್ಲೇಪೋರ್ಟ್, ಇಷ್ಟೇ ಇಟ್ಟುಕೊಳ್ಳಿ. ಉದ್ದ ಎರಡು ಮೀಟರ್ ಮೀರದಿರಲಿ. ಪರದೆ ಆಗಾಗ ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತಿದ್ದರೆ, ಅದರಲ್ಲೂ ಫ್ಯಾನ್ ಅಥವಾ ಟ್ಯೂಬ್‌ಲೈಟ್ ಸ್ವಿಚ್ ಒತ್ತಿದಾಗ ಹಾಗಾದರೆ, ಕಳಪೆ ಕೇಬಲ್ ಇಲ್ಲವೇ ಅರ್ತಿಂಗ್ ಇಲ್ಲದ ಪ್ಲಗ್ ಪಾಯಿಂಟ್ ಮೇಲೆ ಮೊದಲ ಅನುಮಾನ ಇರಲಿ.

ಮೂರನೇ ಮಾನಿಟರ್ ಕೊಳ್ಳುವಾಗ ಈಗಿರುವ ಮಾಡೆಲನ್ನೇ ಹುಡುಕಿ. ಸರೌಂಡ್‌ಗೆ ಮೂರರದ್ದೂ ರೆಸಲ್ಯೂಶನ್ ಒಂದೇ, ರಿಫ್ರೆಶ್ ರೇಟ್ ಒಂದೇ, ಸಿಂಕ್ ಪೊಲಾರಿಟಿಯೂ (ಪರದೆಗೆ ಹೋಗುವ ಸಿಂಕ್ ಸಿಗ್ನಲಿನ ಧನ-ಋಣ ಗುರುತು) ಒಂದೇ ಇರಬೇಕು. ಬೇರೆ ಮಾಡೆಲ್ ಆದರೆ ಬಣ್ಣ, ಎತ್ತರ, ಅಂಚಿನ ದಪ್ಪ ಎಲ್ಲ ಬೇರೆಯಾಗಿ ಕಣ್ಣಿಗೆ ಚುಚ್ಚುತ್ತದೆ. ಲ್ಯಾಪ್‌ಟಾಪಿನ ಪರದೆಯನ್ನೇ ಮೂರರಲ್ಲಿ ಒಂದಾಗಿ ಬಳಸುವ ಯೋಚನೆ ಇದ್ದರೆ ಬಿಡಿ. ಅದು ಚಿಕ್ಕದು, ತಗ್ಗಿನಲ್ಲಿದೆ, ಸಾಮಾನ್ಯವಾಗಿ ಒಳಗಿನ ಚಿಪ್ಪಿಗೆ ಸೇರಿದ್ದು.

ಜೋಡಿಸಿದ ಮೇಲೆ ಮೊದಲು ಮೂರನ್ನೂ ಬೇರೆ ಬೇರೆ ಪರದೆಗಳಾಗಿ ಸರಿ ಮಾಡಿಕೊಳ್ಳಿ. ವಿಂಡೋಸ್ ಹೊಸ ಮಾನಿಟರನ್ನು ಎಷ್ಟೋ ಸಲ 60 ಹರ್ಟ್ಸಿನಲ್ಲೇ ಬಿಟ್ಟಿರುತ್ತದೆ, ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ ಮೂರಕ್ಕೂ 120 ಆರಿಸಿ. 144ಕ್ಕೆ ಹೋಗದಿರಲು ಕಾರಣವಿದೆ: ಮೂರು ಪರದೆ ತುಂಬುವಾಗ 4050 ಅಷ್ಟು ಫ್ರೇಮ್ ಕೊಡುವುದೇ ಇಲ್ಲ, ಹಬ್ಬಿಗೂ ಉಸಿರಾಡಲು ಜಾಗ ಬೇಕು. ಎಚ್‌ಡಿಎಂಐ ಮಾನಿಟರಿನಲ್ಲಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ 'ಚೇಂಜ್ ರೆಸಲ್ಯೂಶನ್' ಪುಟ ತೆರೆದರೆ 1920×1080 ಎರಡು ಕಡೆ ಕಾಣಬಹುದು: ಮೇಲೆ ಟಿವಿ ಬಗೆಯ 'ಅಲ್ಟ್ರಾ ಎಚ್‌ಡಿ, ಎಚ್‌ಡಿ, ಎಸ್‌ಡಿ' ಪಟ್ಟಿಯಲ್ಲಿ ಒಂದು, ಕೆಳಗೆ 'ಪಿಸಿ' ಪಟ್ಟಿಯಲ್ಲಿ ಇನ್ನೊಂದು. ಮೇಲಿನದರಲ್ಲಿ ಬೇಕಾದ ಹರ್ಟ್ಸ್ ಸಿಗದಿದ್ದರೆ ಕೆಳಗಿನದನ್ನು ಆರಿಸಿ ನೋಡಿ. ಅದೇ ಪುಟದ ಬುಡದಲ್ಲಿ 'ಔಟ್‌ಪುಟ್ ಡೈನಮಿಕ್ ರೇಂಜ್' ಇದೆ. ಅದು 'ಲಿಮಿಟೆಡ್' ಆಗಿದ್ದರೆ ಎಚ್‌ಡಿಎಂಐ ಪರದೆಯ ಕಪ್ಪು ಬೂದಿಬಣ್ಣಕ್ಕೆ ತಿರುಗಿ, ಪಕ್ಕದ ಎರಡು ಪರದೆಗಿಂತ ತೊಳೆದ ಹಾಗೆ ಕಾಣುತ್ತದೆ. 'ಫುಲ್' ಮಾಡಿ.

ಇನ್ನು ಸರೌಂಡ್. ಬ್ರೌಸರ್, ಡಿಸ್ಕಾರ್ಡ್, ಸ್ಟೀಮ್ ಎಲ್ಲ ಮುಚ್ಚಿ, ಇಲ್ಲದಿದ್ದರೆ 'ಈ ಪ್ರೋಗ್ರಾಂ ಮುಚ್ಚಿ' ಎಂದು ಅದೇ ಕೇಳುತ್ತದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ, 'ಸೆಕೆಂಡ್ ಸ್ಕ್ರೀನ್ ಓನ್ಲಿ' ಆರಿಸಿ ಲ್ಯಾಪ್‌ಟಾಪಿನ ಪರದೆ ಆಫ್ ಮಾಡಿಬಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಕಾನ್ಫಿಗರ್ ಸರೌಂಡ್, ಫಿಸ್‌ಎಕ್ಸ್'ಗೆ ಹೋಗಿ, 'ಸ್ಪ್ಯಾನ್ ಡಿಸ್‌ಪ್ಲೇಸ್ ವಿತ್ ಸರೌಂಡ್' ಗುರುತು ಹಾಕಿ, 'ಕಾನ್ಫಿಗರ್' ಒತ್ತಿ. ಅಡ್ಡಸಾಲಿನ ಮೂರು ಪರದೆಯ ವಿನ್ಯಾಸ ಆರಿಸಿ, ಎಡ-ನಡು-ಬಲ ಸರಿಯಾಗುವ ಹಾಗೆ ಎಳೆದು ಕೂರಿಸಿ. ಎಲ್ಲ ಸರಿಯಿದ್ದೂ ಸರೌಂಡ್ ಒಪ್ಪದಿದ್ದರೆ ಟೈಮಿಂಗ್ ನೋಡಿ. ಎಚ್‌ಡಿಎಂಐ ಪರದೆ ಟಿವಿ ಟೈಮಿಂಗ್ ಹಿಡಿದಿರುತ್ತದೆ, ಡಿಸ್‌ಪ್ಲೇಪೋರ್ಟ್ ಪರದೆಗಳು ಕಂಪ್ಯೂಟರ್ ಟೈಮಿಂಗ್ ಹಿಡಿದಿರುತ್ತವೆ. ಹೆಸರಿಗೆ ಎರಡೂ 120 ಹರ್ಟ್ಸ್, ಒಳಗೆ ಪೊಲಾರಿಟಿ ಬೇರೆ. 'ಚೇಂಜ್ ರೆಸಲ್ಯೂಶನ್' ಪುಟದ 'ಕಸ್ಟಮೈಸ್'ನಲ್ಲಿ ಮೂರಕ್ಕೂ 1920×1080, 120 ಹರ್ಟ್ಸ್, 'ಸಿವಿಟಿ ರೆಡ್ಯೂಸ್ಡ್ ಬ್ಲ್ಯಾಂಕ್' ಟೈಮಿಂಗಿನ ಕಸ್ಟಮ್ ರೆಸಲ್ಯೂಶನ್ ಮಾಡಿ ಹಾಕಿ, ಆಮೇಲೆ ಸರೌಂಡ್ ಮತ್ತೆ ಪ್ರಯತ್ನಿಸಿ.

ಅಂಚಿನ ತಿದ್ದುಪಡಿ, ಅಂದರೆ ಬೆಜೆಲ್ ಕರೆಕ್ಷನ್, ಬಿಡಬೇಡಿ. 24 ಇಂಚಿನ 1080ಪಿ ಪರದೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.277 ಮಿಲಿಮೀಟರ್. ಎರಡು ಮಾನಿಟರಿನ ಅಂಚು ಸೇರಿ 16 ಮಿ.ಮೀ. ಇದ್ದರೆ 58 ಪಿಕ್ಸೆಲ್‌ನಷ್ಟು ಚಿತ್ರ ಆ ಪ್ಲಾಸ್ಟಿಕ್ ಹಿಂದೆ ಅಡಗಬೇಕು. ಹಾಗೆ ಮಾಡಿದಾಗ ಒಟ್ಟು ಅಗಲ 5760ರ ಬದಲು 5876 ಆಗುತ್ತದೆ, ರಸ್ತೆಯ ಬಿಳಿ ಗೆರೆ ಒಂದು ಪರದೆಯಿಂದ ಇನ್ನೊಂದಕ್ಕೆ ಮುರಿಯದೆ ಹಾಯುತ್ತದೆ.

ಈಗ ಗೇಮ್. ಸರೌಂಡ್ ಹಾಕಿದ ಮಾತ್ರಕ್ಕೆ ಚಿತ್ರ ಸರಿಯಾಗುವುದಿಲ್ಲ. ಒಂದೇ ಕ್ಯಾಮೆರಾದ ನೋಟವನ್ನು 5760 ಅಗಲಕ್ಕೆ ಚಾಚಿದಾಗ ಪಕ್ಕದ ಪರದೆಗಳಲ್ಲಿ ಮರ, ಕಾರು ಎಲ್ಲ ರಬ್ಬರಿನಂತೆ ಎಳೆದು ಕಾಣುತ್ತವೆ. ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಪರದೆಗೊಂದು ಕ್ಯಾಮೆರಾ ಕೊಡುವ ಸೌಲಭ್ಯವಿದೆ. ಡಾಕ್ಯುಮೆಂಟ್ಸ್‌ನೊಳಗಿನ ಗೇಮ್ ಫೋಲ್ಡರಿನಲ್ಲಿರುವ ಕಾನ್ಫಿಗ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, 'ಆರ್ ಅಂಡರ್‌ಸ್ಕೋರ್ ಮಲ್ಟಿಮಾನ್ ಅಂಡರ್‌ಸ್ಕೋರ್ ಮೋಡ್' ಎಂಬ ಸಾಲಿನ ಬೆಲೆಯನ್ನು 3 ಮಾಡಿ. ಗೇಮ್ ಮುಚ್ಚಿದ್ದಾಗಲೇ ಮಾಡಬೇಕು, ತೆರೆದಿದ್ದರೆ ಮುಚ್ಚುವಾಗ ಅದು ತನ್ನ ಹಳೆಯ ಬೆಲೆಯನ್ನೇ ಮತ್ತೆ ಬರೆದುಬಿಡುತ್ತದೆ. ಪರದೆಗಳ ಕೋನ ಇರುವುದು 'ಮಲ್ಟಿಮಾನ್ ಕಾನ್ಫಿಗ್' ಎಂಬ ಇನ್ನೊಂದು ಫೈಲಿನಲ್ಲಿ. ಅದರಲ್ಲಿ ಪ್ರತಿ ಪರದೆಗೂ ಎಷ್ಟು ತಿರುಗಿದೆ, ಎಷ್ಟು ಅಗಲದ ನೋಟ ಎಂಬ ಎರಡು ಸಂಖ್ಯೆ ಮುಖ್ಯ.

ಈ ಸಂಖ್ಯೆಗಳನ್ನು ಅಂದಾಜಿಗೆ ಹಾಕಬೇಡಿ, ಟೇಪು ಹಿಡಿದು ಅಳೆಯಿರಿ. 24 ಇಂಚಿನ ಪರದೆಯ ಅಗಲ 53 ಸೆಂಟಿಮೀಟರ್. ಕಣ್ಣಿನಿಂದ ನಡು ಪರದೆಗೆ 60 ಸೆ.ಮೀ. ಇದ್ದರೆ ಒಂದು ಪರದೆ ತುಂಬುವ ನೋಟ ಸುಮಾರು 48 ಡಿಗ್ರಿ, 70 ಸೆ.ಮೀ. ಇದ್ದರೆ ಸುಮಾರು 42. ಪಕ್ಕದ ಮಾನಿಟರುಗಳನ್ನೂ ಮೇಜಿನ ಮೇಲೆ ಅಷ್ಟೇ ಡಿಗ್ರಿ ಒಳಕ್ಕೆ ತಿರುಗಿಸಿ, ಫೈಲಿನಲ್ಲೂ ಅದೇ ಸಂಖ್ಯೆ ಬರೆಯಿರಿ, ಒಂದು ಪಕ್ಕಕ್ಕೆ ಧನ, ಇನ್ನೊಂದಕ್ಕೆ ಋಣ. ಎಡದ ದೃಶ್ಯ ಬಲಕ್ಕೆ ಬಂದರೆ ಚಿಹ್ನೆ ಅದಲುಬದಲು ಮಾಡಿ. ಮೇಜಿನ ಕೋನ, ಫೈಲಿನ ಕೋನ ಹೊಂದಿದಾಗ ಪಕ್ಕದ ಲಾರಿ ನಿಜವಾದ ವೇಗದಲ್ಲಿ ಹಿಂದೆ ಸರಿಯುತ್ತದೆ. ಹೊಂದದಿದ್ದರೆ ಕೆಲವರಿಗೆ ಅರ್ಧ ಗಂಟೆಯಲ್ಲೇ ತಲೆ ಸುತ್ತುತ್ತದೆ. 45 ಡಿಗ್ರಿ ತಿರುಗಿಸಿದಾಗ ಮೂರು ಮಾನಿಟರಿಗೆ ಸುಮಾರು 130 ಸೆ.ಮೀ. ಅಗಲದ ಮೇಜು ಬೇಕು, ಪಕ್ಕದವು ನಿಮ್ಮ ಕಡೆಗೆ ಸುಮಾರು 38 ಸೆ.ಮೀ. ಮುಂದೆ ಬರುತ್ತವೆ. ಸ್ಟೀರಿಂಗ್ ವೀಲ್ ಕೂರಿಸುವ ಮೊದಲು ಇದನ್ನು ಲೆಕ್ಕ ಹಾಕಿ.

ಫ್ರೇಮ್ ರೇಟ್ ಬಗ್ಗೆ ನೇರವಾಗಿ ಹೇಳಬೇಕು. 5760×1080 ಅಂದರೆ 62 ಲಕ್ಷ ಪಿಕ್ಸೆಲ್, ಒಂದು 1080ಪಿ ಪರದೆಯ ಮೂರರಷ್ಟು, 4ಕೆ ಪರದೆಯ ಮುಕ್ಕಾಲು. 6 ಜಿಬಿ ಮೆಮೊರಿಯ 4050ಗೆ ಇದು ಭಾರವೇ. ಈ ಗೇಮಿನಲ್ಲಿ 'ಸ್ಕೇಲಿಂಗ್' (ಪರದೆಗೆ ಹೋಲಿಸಿದರೆ ಗೇಮ್ ಎಷ್ಟು ದೊಡ್ಡ ಚಿತ್ರ ಬರೆಯುತ್ತದೆ ಎಂಬ ಆಯ್ಕೆ) ಅನ್ನು 100 ಶೇಕಡಕ್ಕೆ ಇಳಿಸಿ. ಒಂದು ಪರದೆಯಲ್ಲಿ 200, 300 ಇಟ್ಟು ಅಭ್ಯಾಸವಾದವರು ಅದನ್ನೇ ಮೂರರಲ್ಲೂ ಬಿಟ್ಟು, ಲ್ಯಾಪ್‌ಟಾಪ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಕನ್ನಡಿಗಳ ಗುಣಮಟ್ಟ, ಕನ್ನಡಿಯಲ್ಲಿ ಕಾಣುವ ದೂರ ಎರಡನ್ನೂ ಇಳಿಸಿ, ಏಕೆಂದರೆ ಪ್ರತಿ ಕನ್ನಡಿಗೂ ದೃಶ್ಯವನ್ನು ಬೇರೆಯಾಗಿ ಬರೆಯಬೇಕಾಗುತ್ತದೆ. ಪಕ್ಕದ ಪರದೆಯಲ್ಲಿ ನಿಜವಾದ ಕನ್ನಡಿಯೇ ಕಾಣುವುದರಿಂದ ಮೇಲೆ ತೇಲುವ ಕನ್ನಡಿಗಳನ್ನು ಎಫ್2 ಒತ್ತಿ ತೆಗೆದುಬಿಡಿ. ಕೆಎಸ್‌ಆರ್‌ಟಿಸಿ ಬಸ್ಸಿನಂಥ ಮಾಡ್ (ಗೇಮಿಗೆ ಬೇರೆಯವರು ಮಾಡಿದ ಸೇರ್ಪಡೆ) ಹಾಕಿ ಓಡಿಸುವವರಾದರೆ ಚಾಲಕನ ಸೀಟಿನ ಜಾಗ ಬೇರೆ ಇರುತ್ತದೆ, ಎಫ್4 ಒತ್ತಿ ಸೀಟು ಮತ್ತು ಕನ್ನಡಿ ಸರಿಮಾಡಿಕೊಳ್ಳಿ. ದೊಡ್ಡ ಟೆಕ್ಸ್ಚರಿನ ಮಾಡ್‌ಗಳು 6 ಜಿಬಿಯನ್ನು ಬೇಗ ತುಂಬುತ್ತವೆ, ಹಳೆಯವನ್ನು ತೆಗೆಯುತ್ತಾ ಇರಿ.

ಲ್ಯಾಪ್‌ಟಾಪ್ ತನ್ನದೇ ದಪ್ಪ ಚಾರ್ಜರಿನಲ್ಲಿರಬೇಕು. 100 ವಾಟ್‌ನ ಟೈಪ್-ಸಿ ಚಾರ್ಜರಿನಲ್ಲಿ ಗೇಮ್ ತೆರೆಯುತ್ತದೆ, ಆದರೆ ಜಿಪಿಯುಗೆ ಬೇಕಾದಷ್ಟು ಕರೆಂಟ್ ಸಿಗದೆ ಫ್ರೇಮ್ ಕುಸಿಯುತ್ತದೆ, ಬ್ಯಾಟರಿಯೂ ಇಳಿಯುತ್ತಾ ಹೋಗುತ್ತದೆ. ಹೊರಪರದೆಗಳಿದ್ದಾಗ ಎನ್‌ವಿಡಿಯಾ ಚಿಪ್ ಮಲಗುವುದಿಲ್ಲ, ಸುಮ್ಮನೆ ಇದ್ದಾಗಲೂ ಸ್ವಲ್ಪ ಬೆಚ್ಚಗಿರುತ್ತದೆ, ಅದು ದೋಷವಲ್ಲ. ಮುಚ್ಚಳ ಮಾತ್ರ ಮುಚ್ಚಬೇಡಿ. ಅನೇಕ ಗೇಮಿಂಗ್ ಲ್ಯಾಪ್‌ಟಾಪುಗಳು ಕೀಬೋರ್ಡಿನ ಕಡೆಯಿಂದಲೂ ಗಾಳಿ ಎಳೆಯುತ್ತವೆ, ಬಿಸಿಗಾಳಿ ಪರದೆಯ ಬುಡದಲ್ಲೇ ಹೊರಬರುತ್ತದೆ. ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತಿಡಿ.

ಟೈಪ್-ಸಿ ಇಂಟೆಲ್ ಕಡೆಯದೇ ಎಂದು ಗೊತ್ತಾಗಿ, ಮಕ್ಸ್ ಸ್ವಿಚ್ಚಿನಿಂದಲೂ ಉಪಯೋಗವಾಗದಿದ್ದರೆ ಬೇಸರ ಬೇಡ. ನಡುವಿನ ಪರದೆಯನ್ನು ಎಚ್‌ಡಿಎಂಐಗೆ ಹಾಕಿ, ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಅದನ್ನೇ ಮುಖ್ಯ ಡಿಸ್‌ಪ್ಲೇ ಮಾಡಿ, ಗೇಮ್ ಅಲ್ಲಿ ಆಡಿ. ಇನ್ನೊಂದನ್ನು ಟೈಪ್-ಸಿಗೆ ಹಾಕಿ ಮ್ಯಾಪ್, ಡಿಸ್ಕಾರ್ಡ್, ಯೂಟ್ಯೂಬ್ ಇಡಿ. ಸರೌಂಡ್‌ಗೆ ಕೈಕೊಟ್ಟ ಅದೇ ಪೋರ್ಟ್ ಇಲ್ಲಿ ಅನುಕೂಲಕ್ಕೆ ಬರುತ್ತದೆ: ಪಕ್ಕದ ಪರದೆಯ ಕೆಲಸ ಒಳಗಿನ ಚಿಪ್ಪಿಗೆ, ಆರ್‌ಟಿಎಕ್ಸ್ ಪೂರ್ತಿ ಗೇಮಿಗೆ. ಇದನ್ನು ಗಟ್ಟಿ ಮಾಡಲು ಡಿಸ್‌ಪ್ಲೇ ಸೆಟ್ಟಿಂಗ್ಸಿನ 'ಗ್ರಾಫಿಕ್ಸ್' ಪುಟದಲ್ಲಿ ಬ್ರೌಸರಿಗೆ 'ಪವರ್ ಸೇವಿಂಗ್', ಗೇಮಿಗೆ 'ಹೈ ಪರ್ಫಾರ್ಮೆನ್ಸ್' ಕೊಡಿ. ಆಡುವಾಗ ಪಕ್ಕದಲ್ಲಿ ಕ್ಲಿಕ್ ಮಾಡಿದರೆ ಗೇಮ್ ಮಿನಿಮೈಸ್ ಆಗುತ್ತಿದ್ದರೆ ಫುಲ್‌ಸ್ಕ್ರೀನ್ ಬದಲು ಬಾರ್ಡರ್‌ಲೆಸ್ ಇಡಿ. ಅಗಲ ನೋಟವೇ ಬೇಕೆಂದರೆ ಮೂರನೇ ಮಾನಿಟರಿನ ದುಡ್ಡಿಗೆ ಇನ್ನಷ್ಟು ಸೇರಿಸಿ 3440×1440ರ ಒಂದೇ ಅಲ್ಟ್ರಾವೈಡ್ ತೆಗೆದುಕೊಳ್ಳಿ. ಅದು 50 ಲಕ್ಷ ಪಿಕ್ಸೆಲ್, ಮೂರು ಪರದೆಗಿಂತ ಹಗುರ, ಒಂದೇ ಕೇಬಲ್, ಸರೌಂಡಿನ ರಗಳೆ ಇಲ್ಲ. ಟ್ರಕ್, ರೇಸಿಂಗ್, ವಿಮಾನದ ಸಿಮ್ಯುಲೇಟರ್ ಬಿಟ್ಟು ಬೇರೆ ಗೇಮುಗಳನ್ನೂ ಸಾಕಷ್ಟು ಆಡುವವರಿಗೆ ನನ್ನ ಮೊದಲ ಸಲಹೆ ಅದೇ. ಹೆಚ್ಚಿನ ಗೇಮುಗಳಲ್ಲಿ ಮೂರು ಕ್ಯಾಮೆರಾದ ಸೌಲಭ್ಯವಿಲ್ಲ, ಪಕ್ಕದ ಪರದೆಯಲ್ಲಿ ಆ ಎಳೆದ ಚಿತ್ರವನ್ನೇ ನೋಡಬೇಕಾಗುತ್ತದೆ.

ಕರೆಂಟ್ ಹೋಗುವ ಊರಿನವರಿಗೆ ಕೊನೆಯದೊಂದು ಮಾತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಾನಿಟರುಗಳಿಗೆ ಇಲ್ಲ. ಮೂರೂ ಒಟ್ಟಿಗೆ ಆರಿದಾಗ ಸರೌಂಡ್ ಬಿಚ್ಚಿಹೋಗಿ, ಗೇಮ್ ಮುಚ್ಚಿಕೊಳ್ಳಬಹುದು. 24 ಇಂಚಿನ ಎಲ್‌ಇಡಿ ಮಾನಿಟರ್ ಒಂದಕ್ಕೆ 20ರಿಂದ 25 ವಾಟ್ ಸಾಕು, ಮೂರಕ್ಕೆ 75 ಎಂದಿಟ್ಟುಕೊಳ್ಳಿ. 600 ವಿಎ ಸಾಮರ್ಥ್ಯದ ಸಣ್ಣ ಯುಪಿಎಸ್‌ಗೆ ಮಾನಿಟರುಗಳನ್ನು ಮಾತ್ರ ಹಾಕಿ, ಲ್ಯಾಪ್‌ಟಾಪಿನ ಚಾರ್ಜರನ್ನು ನೇರ ಗೋಡೆಯ ಪಾಯಿಂಟಿಗೆ ಕೊಡಿ. ಹಬ್ಬಿಗೆ ಬೇರೆ ಅಡಾಪ್ಟರ್ ಇದ್ದರೆ ಅದೂ ಯುಪಿಎಸ್‌ನಲ್ಲೇ ಇರಲಿ.